ಸೋಮವಾರದ ಮಾತ್ರೆ

ನಿವೃತ್ತಿಯಾದ ಮೇಲೆ ನನ್ನ ಬೆರಳುಗಳಿಗೆ ಕೆಲಸ ಇಲ್ಲ. ಭಾಂಡುಪ್‌ನ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ, ಮಧ್ಯಾಹ್ನ ಊಟ ಮುಗಿಸಿ ಕಿಟಕಿ ಪಕ್ಕದ ಮಂಚದ ಮೇಲೆ ಅಡ್ಡಾದರೆ, ದೂರದಲ್ಲಿ ಲೋಕಲ್ ರೈಲು ಹೋಗುವ ಸದ್ದು ಕೇಳುತ್ತ ಕೇಳುತ್ತ ಕಣ್ಣು ಹತ್ತುತ್ತದೆ. ಪೂರ್ತಿ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಆಗ ಬಲಗೈಯ ಮೂರು ಬೆರಳು ತಾವಾಗಿಯೇ ಎಡಗೈ ಮಣಿಕಟ್ಟಿನ ಮೇಲೆ ಹೋಗಿ ಕೂತು ಎಣಿಸತೊಡಗುತ್ತವೆ. ಎದ್ದ ಮೇಲೆ ಎಷ್ಟು ಎಣಿಸಿದೆ ಅಂತ ನೆನಪಿರುವುದಿಲ್ಲ. ಎಷ್ಟೋ ಜನರ ಹೆಸರು ಮರೆತಿದ್ದೇನೆ, ಮುಖಗಳು ಒಂದರೊಳಗೊಂದು ಕಲಸಿಹೋಗಿವೆ, ಅವರ ನಾಡಿ ಮಾತ್ರ ಈ ಬೆರಳುಗಳಲ್ಲಿ ಹಾಗೇ ಉಳಿದಿದೆ.

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಹೋದ ವಾರ ಫೋನ್ ಮಾಡಿದ್ದಳು. ಕನ್ನಡದವಳೇ, ಆದರೆ ಹುಟ್ಟಿ ಬೆಳೆದದ್ದೆಲ್ಲ ಅಂಧೇರಿಯಲ್ಲಿ. “ಸಿಸ್ಟರ್, ಪ್ರೋಟೋಕಾಲ್ ತೋ ಹೈ ಮೇರೆ ಪಾಸ್. ಬಟ್ ನಿಮಗೆ ಗೊತ್ತಿರೋದು ಇದೆ ಅಲ್ವಾ, ಅದು ಬರೆದು ಕೊಡ್ತೀರಾ?” ಅಂದಳು. ಕನ್ನಡ ಓದೋಕೆ ಬರುತ್ತೇನಮ್ಮ ಅಂತ ಕೇಳಿದೆ. “ಮಮ್ಮಿ ಓದಿ ಹೇಳ್ತಾಳೆ” ಅಂದಳು. ಸರಿ, ನಿಮ್ಮ ಅಮ್ಮನೂ ಕೇಳಲಿ ಬಿಡು. ನಾನು ಯಾವಾಗ ಸ್ಟಾಫ್ ನರ್ಸ್ ಆದೆ, ಯಾವಾಗ ಇನ್‌ಚಾರ್ಜ್ ಆದೆ ಅನ್ನುವುದನ್ನು ಬರೆಯುವುದಿಲ್ಲ. ಅದರಿಂದ ನಿನಗೂ ಉಪಯೋಗವಿಲ್ಲ, ನನಗೂ ಖುಷಿಯಿಲ್ಲ.

ನಮ್ಮದು ಪೂರ್ವ ಉಪನಗರದ ಒಂದು ಟ್ರಸ್ಟ್ ಆಸ್ಪತ್ರೆ. ಮೂರನೇ ಮಹಡಿಯ ಕಾರಿಡಾರ್ ಮುಗಿಯುವಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಒರಗಿಸಿದ ಉದ್ದ ಬೆಂಚು. ಅದೇ ನಮ್ಮ ಬುಧವಾರದ ಕ್ಲಿನಿಕ್. ಹೃದಯದ ಲಯ ತಪ್ಪಿದವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟು ನೋಡಿಕೊಳ್ಳುವ ಜಾಗ. ಕೊನೆಯ ಕಿಟಕಿಯಿಂದ ಬೆಳಗಿನ ಬಿಸಿಲು ಬೆಂಚಿನ ಒಂದು ತುದಿಗೆ ಬಿದ್ದು, ಹನ್ನೊಂದರ ಹೊತ್ತಿಗೆ ಇನ್ನೊಂದು ತುದಿ ಮುಟ್ಟುತ್ತಿತ್ತು. ಬಿಸಿಲು ಎಲ್ಲಿಗೆ ಬಂದಿದೆ ಅಂತ ನೋಡಿಯೇ ಇನ್ನೆಷ್ಟು ಜನ ಇದ್ದಾರೆ ಅಂತ ನಾನು ಅಂದಾಜು ಮಾಡುತ್ತಿದ್ದೆ.

ಕ್ಲಿನಿಕ್ಕಿಗೆ ಪ್ರಧಾನ್ ಮೇಡಂ ದೊಡ್ಡ ಡಾಕ್ಟರು. ಸಣಕಲು ಹೆಂಗಸು, ಕಾಟನ್ ಸೀರೆ, ಮೂಗಿನ ತುದಿಯಲ್ಲಿ ಕನ್ನಡಕ, ಮೂಗಿನ ಮೇಲೆ ಸಿಟ್ಟು. ಯಾರನ್ನಾದರೂ ಹೊಗಳಿದ್ದನ್ನು ನಾನಂತೂ ಕೇಳಿಲ್ಲ. ಮೊದಲ ದಿನ ನನ್ನನ್ನು ಒಬ್ಬ ಅಜ್ಜಿಯ ಎದುರು ಕೂರಿಸಿ, “ಮೆಷಿನ್ ಆಮೇಲೆ. ಮೊದಲು ಕೈ. ಪೂರ್ತಿ ಒಂದು ನಿಮಿಷ” ಅಂದರು. ಹಿಡಿದೆ. ಒಂದು ಬಂತು, ಎರಡು ಬಂತು, ಆಮೇಲೆ ಏನೂ ಇಲ್ಲ, ಆಮೇಲೆ ಗಡಿಬಿಡಿಯಲ್ಲಿ ಮೂರು ಒಟ್ಟಿಗೇ ಬಂದವು, ಒಂದು ಜೋರಾಗಿ, ಒಂದು ಇದೆಯೋ ಇಲ್ಲವೋ ಅನ್ನುವ ಹಾಗೆ. “ಎಷ್ಟು?” ಅಂದರು. “ಎಣಿಸೋಕೇ ಆಗಲಿಲ್ಲ ಮೇಡಂ” ಅಂದೆ. “ಅದೇ ಉತ್ತರ” ಅಂದು ಎದ್ದು ಹೋದರು.

ಅದೇ ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಎರಡು ಕೋಣೆ ಸರಿಯಾಗಿ ಹಿಂಡುವುದನ್ನು ಬಿಟ್ಟು ಬರೀ ನಡುಗುತ್ತವೆ. ರಕ್ತ ಅಲ್ಲಿ ಮೂಲೆಯಲ್ಲಿ ನಿಲ್ಲುತ್ತದೆ. ನಿಂತದ್ದು ಹೆಪ್ಪು ಹಾಕಿ ಅಲುಗಾಡಿಸದೆ ಇಟ್ಟ ಹಾಲಿನ ಹಾಗೆ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಒಂದು ಚೂರು ಕಿತ್ತುಕೊಂಡು ಮೆದುಳಿಗೆ ಹೋದರೆ ಲಕ್ವ. ರೋಗಿಗಳಿಗೆ ನಾನು ಇಷ್ಟೇ ಹೇಳುತ್ತಿದ್ದೆ, ಇಷ್ಟರಲ್ಲೇ ಅವರಿಗೆ ಅರ್ಥವಾಗುತ್ತಿತ್ತು. ನೀನೂ ಇಷ್ಟೇ ಹೇಳು.

ಹಳೆಯ ಮಾತ್ರೆ ವಾರ್ಫರಿನ್. ಅದರ ಗುಣ ನಿನಗೆ ಪುಸ್ತಕದಲ್ಲಿ ಓದಿ ಗೊತ್ತು, ನಾನು ಅದರ ಜೊತೆ ಸಂಸಾರ ಮಾಡಿದ್ದೇನೆ. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಅದಕ್ಕೇ ಪದೇ ಪದೇ ರಕ್ತ ತೆಗೆದು, ಐಎನ್‌ಆರ್ ಅನ್ನುವ, ರಕ್ತ ಹೆಪ್ಪುಗಟ್ಟುವ ಹೊತ್ತಿನ ಅಳತೆ ಎರಡರಿಂದ ಮೂರರ ಒಳಗೆ ಇದೆಯಾ ನೋಡಿ, ಅರ್ಧ ಮಾತ್ರೆ ಏರಿಸಿ, ಕಾಲು ಮಾತ್ರೆ ಇಳಿಸಿ ನಡೆಸಬೇಕು. ಬುಧವಾರ ಬೆಂಚು ತುಂಬಿ ಜನ ಮೆಟ್ಟಿಲ ತನಕ ನಿಂತಿರುತ್ತಿದ್ದರು. ಮರಾಠಿಯವರು, ಗುಜರಾತಿಯವರು, ನಮ್ಮ ವಿಜಯಪುರ, ಕಲಬುರಗಿ ಕಡೆಯ ಕಟ್ಟಡ ಕೆಲಸದವರು. ಕನ್ನಡದವರು ಸಿಕ್ಕಿದರೆ ಮೇಡಂ, “ಸುಮಿತ್ರಾ, ನಿಮ್ಮವರು” ಅಂತ ನನ್ನ ಕಡೆ ದಾಟಿಸಿಬಿಡುತ್ತಿದ್ದರು.

ನನ್ನ ಮೊದಲ ಎಡವಟ್ಟು ಆದದ್ದು ಮಾಟುಂಗದ ರಾಯರ ವಿಷಯದಲ್ಲಿ. ಮೈಸೂರು ಕಡೆಯವರು, ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತರು, ಇಸ್ತ್ರಿ ಮಾಡಿದ ಷರಟಿನಲ್ಲಿ ಬೆಂಚಿನ ತುದಿಗೆ ನೆಟ್ಟಗೆ ಕೂರುತ್ತಿದ್ದರು. ಹಸಿರು ಸೊಪ್ಪು ವಾರ್ಫರಿನ್ನಿನ ಶಕ್ತಿ ಕುಗ್ಗಿಸುತ್ತದೆ ಅಂತ ಕೇಳಿದ್ದೆ, ಅದನ್ನೇ ಹಿಡಿದು, “ರಾಯರೇ, ಸೊಪ್ಪು ಮುಟ್ಟಬೇಡಿ” ಅಂದೆ. ಆ ಪುಣ್ಯಾತ್ಮ ಸಾರಿನ ಮೇಲಿನ ಕೊತ್ತಂಬರಿಯನ್ನೂ ಹೆಕ್ಕಿ ತೆಗೆದಿಟ್ಟರು. ಎರಡೇ ವಾರಕ್ಕೆ ಐಎನ್‌ಆರ್ ಐದು ದಾಟಿ, ಹಲ್ಲುಜ್ಜಿದರೆ ಬೇಸಿನ್ನೆಲ್ಲ ಕೆಂಪು. ಮೇಡಂ ಕೆಂಡವಾದರು. “ಸೊಪ್ಪು ಬಿಡಿ ಅಂತ ಯಾರು ಹೇಳಿದ್ದು? ದಿನಾ ಒಂದೇ ಅಳತೆ ತಿನ್ನಿ ಅನ್ನಬೇಕು!” ರಾಯರು ನನ್ನನ್ನು ನೋಡಿ ಸಭ್ಯವಾಗಿ, “ಸಿಸ್ಟರ್ ಹೇಳಿದ್ದು” ಅಂದರು. ನಾನೂ ಹೌದು ಮೇಡಂ ಅಂದು ತಲೆ ತಗ್ಗಿಸಿ ಬೈಸಿಕೊಂಡೆ. ಆವತ್ತಿನಿಂದ ರಾಯರು ದಿನಕ್ಕೆ ಒಂದೇ ಬಟ್ಟಲು ಸೊಪ್ಪು ಅಳೆದು ತಿಂದು, ಪಾಲಕ್ಕೋ ಮೆಂತ್ಯವೋ ಅನ್ನುವುದನ್ನೂ ಬರೆದುಕೊಂಡು ಬರುತ್ತಿದ್ದರು. ತಪ್ಪು ಒಪ್ಪಿಕೊಳ್ಳುವುದು ಆಗ ನನಗೆ ಕಷ್ಟವೇ ಆಗಿರಲಿಲ್ಲ. ಚಿಕ್ಕ ತಪ್ಪು, ಚಿಕ್ಕ ವಯಸ್ಸು.

ವಾರ್ಫರಿನ್ ಕಾಲದಲ್ಲಿ ನನಗೆ ಒಂದು ಮಾತು ಬಾಯಿಪಾಠವಾಗಿತ್ತು. ಜನ ಒಂದು ದಿನ ಮಾತ್ರೆ ಮರೆತರೆ ಹೆದರಿಬಿಡುತ್ತಿದ್ದರು. ಹೆದರಿ ಮಾರನೇ ದಿನ ಎರಡು ಒಟ್ಟಿಗೇ ನುಂಗಿ, ರಕ್ತ ಸೋರಿಸಿಕೊಂಡು ಬರುತ್ತಿದ್ದರು. ಅದಕ್ಕೇ ಎಲ್ಲರಿಗೂ ಹೇಳುತ್ತಿದ್ದೆ: “ಒಂದು ದಿನ ತಪ್ಪಿದರೆ ಏನೂ ಆಗೋದಿಲ್ಲ. ಮಾರನೇ ದಿನ ಮಾಮೂಲಿನ ಹಾಗೆ ತಗೊಳ್ಳಿ. ಎರಡು ಸೇರಿಸಿ ನುಂಗಬೇಡಿ.” ಆ ಮಾತ್ರೆಗೆ ಅದು ಸರಿಯೇ ಇತ್ತು. ಅದು ಮೈಯಲ್ಲಿ ನಿಧಾನವಾಗಿ ಸೇರಿ ನಿಧಾನವಾಗಿ ಇಳಿಯುವ ಮಾತ್ರೆ, ಒಂದು ದಿನದ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ವರ್ಷಗಟ್ಟಲೆ ಅದೇ ಮಾತು ಹೇಳಿ ಹೇಳಿ ನನ್ನ ನಾಲಿಗೆ ಅದನ್ನು ನನ್ನನ್ನು ಕೇಳದೆಯೇ ಆಡುವುದಕ್ಕೆ ಕಲಿತಿತ್ತು.

ಆಮೇಲೆ ಹೊಸ ಮಾತ್ರೆಗಳು ಬಂದವು. ಮೊದಲು ಕೆಲವರಿಗೆ, ಬೆಲೆ ಇಳಿದ ಮೇಲೆ ಬಹಳ ಜನಕ್ಕೆ. ಪದೇ ಪದೇ ರಕ್ತ ತೆಗೆಯುವುದು ಬೇಡ, ಸೊಪ್ಪಿನ ಲೆಕ್ಕ ಬೇಡ. ತಲೆಯೊಳಗೆ ರಕ್ತಸ್ರಾವದ ಭಯವೂ ಹಳೆಯದಕ್ಕಿಂತ ಕಡಿಮೆ. ರಾಯರು ಮೊದಲ ದಿನವೇ, “ಹಾಗಾದರೆ ಇವತ್ತು ಮನೆಯಲ್ಲಿ ಹುಳಿಸೊಪ್ಪು ಮಾಡಿಸಬಹುದು ಅನ್ನಿ” ಅಂದರು. ಜನ ಒಬ್ಬೊಬ್ಬರಾಗಿ ಬೆಂಚಿನಿಂದ ಕರಗಿ ಹೋದರು. ಮೂರು ತಿಂಗಳಿಗೋ ಆರು ತಿಂಗಳಿಗೋ ಬಂದರೆ ಸಾಕಾಗಿತ್ತು. ಬಿಸಿಲು ಖಾಲಿ ಬೆಂಚಿನ ಮೇಲೆ ತನ್ನಷ್ಟಕ್ಕೆ ಸರಿಯುವುದನ್ನು ನೋಡುತ್ತ ಕೂತ ಬುಧವಾರಗಳೂ ಇದ್ದವು. ಜನರಿಗೆ ಒಳ್ಳೆಯದಾಯಿತು ಅಂತ ಸಂತೋಷವೂ ಆಗುತ್ತಿತ್ತು, ನನ್ನನ್ನು ಯಾರೋ ಸ್ಟೇಷನ್ನಿನಲ್ಲಿ ಬಿಟ್ಟು ಹೋದ ಹಾಗೂ ಅನ್ನಿಸುತ್ತಿತ್ತು.

ಎಲ್ಲರಿಗೂ ಹೊಸ ಮಾತ್ರೆ ಆಗುವುದಿಲ್ಲ, ಇದನ್ನು ಮರೆಯಬೇಡ. ಅಂಧೇರಿಯಿಂದ ನಳಿನಿ ಅಂತ ಒಬ್ಬಳು ಬರುತ್ತಿದ್ದಳು, ಶೂಟಿಂಗಿಗೆ ಬಟ್ಟೆ ಹೊಲಿಯುವವಳು. ಎದೆಯಲ್ಲಿ ಲೋಹದ ವಾಲ್ವು. ಅಂಥವರಿಗೆ ವಾರ್ಫರಿನ್ನೇ ಗತಿ. “ಎಲ್ಲರಿಗೂ ಬಿಡುಗಡೆ, ನನಗೊಬ್ಬಳಿಗೇ ಯಾಕೆ ಸೂಜಿ ಸಿಸ್ಟರ್?” ಅಂತ ಮುನಿಸಿಕೊಳ್ಳುತ್ತಿದ್ದಳು. ಜನ ಇಲ್ಲದ ಕಾರಿಡಾರಿನಲ್ಲಿ ಅವಳ ಪಕ್ಕ ಕೂತರೆ ವಾಲ್ವಿನ ಟಿಕ್ ಟಿಕ್ ಸಣ್ಣಗೆ ಕೇಳುತ್ತಿತ್ತು. ನಾವಿಬ್ಬರೂ ಅದನ್ನು ಕೇಳುತ್ತ ಕೂರುತ್ತಿದ್ದೆವು. ರಿಪೋರ್ಟ್ ಬರಲು ಅರ್ಧ ಗಂಟೆ ಬೇಕಿತ್ತು.

ಹೊಸ ಮಾತ್ರೆ ಬಂದಾಗ ಮೇಡಂ ನಮ್ಮನ್ನೆಲ್ಲ ಕೂರಿಸಿ ಮೀಟಿಂಗ್ ಮಾಡಿದ್ದರು. ಮರಾಠಿ, ಇಂಗ್ಲಿಷ್ ಬೆರೆಸಿ ಬಹಳ ಹೊತ್ತು ಹೇಳಿದರು. ಮೂತ್ರಪಿಂಡದ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಬೇಕು, ವಯಸ್ಸು ತೂಕ ನೋಡಿ ಡೋಸು, ದಿನಕ್ಕೆ ಎರಡು ಸಲ ಅಂದರೆ ಎರಡು ಸಲ, ಯಾಕೆಂದರೆ ಇದು ಬೇಗ ಹತ್ತಿ ಬೇಗ ಇಳಿಯುವ ಮಾತ್ರೆ, ಒಂದು ದಿನ ಪೂರ್ತಿ ಬಿಟ್ಟರೆ ರಕ್ಷಣೆಯೇ ಇಲ್ಲ. ನಾನು ಕೇಳಿಸಿಕೊಂಡೆ. ಕಾಗದದ ಮೇಲೆ ಬರೆದುಕೊಂಡೆ ಕೂಡ. ಕಿವಿಗೆ ಬಿದ್ದದ್ದು, ಕೈಯಲ್ಲಿ ಬರೆದದ್ದು ನಾಲಿಗೆಯ ತನಕ ಹೋಗಲಿಲ್ಲ, ಅಷ್ಟೇ.

ಈಗ ಶಿವಲಿಂಗಪ್ಪನ ವಿಷಯ. ಇಲ್ಲಿಯ ತನಕ ಬರೆದದ್ದೆಲ್ಲ ಇದನ್ನು ಬರೆಯಲು ಧೈರ್ಯ ತಂದುಕೊಳ್ಳುವುದಕ್ಕೆ ಅಂತ ನನಗೇ ಗೊತ್ತು.

ಅವರು ವಿಜಯಪುರ ಜಿಲ್ಲೆಯವರು, ಗೋಡೆಗೆ ಸಿಮೆಂಟು ಸವರುವ ಗಿಲಾವು ಮೇಸ್ತ್ರಿ. ಭಾಂಡುಪ್‌ನ ಗುಡ್ಡದ ಮೇಲೆ, ಸಾಲುಮನೆಗಳ ಒಂದು ಚಾಳಿನಲ್ಲಿ ಹೆಂಡತಿ ಗಂಗವ್ವನ ಜೊತೆ ಇದ್ದರು. ಅರವತ್ತು ದಾಟಿದ್ದರೂ ಕೆಲಸ ಬಿಟ್ಟಿರಲಿಲ್ಲ. ಮೊದಲ ಸಲ ಬಂದಾಗ ಕುರ್ಚಿಯಲ್ಲಿ ಕೂರುವ ಮುಂಚೆ ನಮ್ಮ ಗೋಡೆಯ ಮೇಲೆ ಬಲಗೈ ಆಡಿಸಿ, “ಈ ಗಿಲಾವ್ ಯಾರ ಮಾಡ್ಯಾರ್ರೀ ಬಾಯಾರ? ಎಲ್ಲಾ ಅಲಿ ಅಲಿ ಆಗೈತಿ” ಅಂದರು. ಅವರ ಕಡೆ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಬಾಯಾರ ಅಂತ. ನಾನು ಕನ್ನಡದಲ್ಲಿ ಉತ್ತರ ಕೊಟ್ಟಾಗ ಮುಖ ಅರಳಿತು. “ನೀವು ಕನ್ನಡದಾಗ ಮಾತಾಡ್ತೀರಿ ಅಂದಮ್ಯಾಲ ಅರ್ಧಾ ಜಡ್ಡು ಹೋತ್ರಿ.” ಗಂಗವ್ವ ಪಕ್ಕದಿಂದ, “ಇನ್ನ ಅರ್ಧಾ ಹೋಗೂದಿಲ್ರಿ, ಹಟಮಾರಿ ಅದಾನಿಂವಾ” ಅಂದಳು. ಅವಳಿಗೆ ಹಿಂದಿ ಬಾಜಾರಿಗೆ ಬೇಕಾದಷ್ಟು ಮಾತ್ರ ಬರುತ್ತಿತ್ತು. ಹಾಗಾಗಿ ಆಸ್ಪತ್ರೆಯಲ್ಲಿ ಅವಳ ಬಾಯಿಯೂ ನಾನೇ, ಕಿವಿಯೂ ನಾನೇ.

ವರ್ಷದ ಮೇಲೆ ಚೆನ್ನಾಗಿ ನಡೆಯಿತು. ಅವರದು ಹೊಸ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಊಟದ ಹೊತ್ತಿಗೆ ಒಂದು, ತಪ್ಪಿಸುತ್ತಿರಲಿಲ್ಲ. ಶ್ರಾವಣ ಶುರುವಾಗುವ ಮುಂಚಿನ ಬುಧವಾರ ಬಂದರು. ಗಂಗವ್ವ ಕೆಳಗೆ ಔಷಧಿ ಕೌಂಟರಿನ ಲೈನಿನಲ್ಲಿದ್ದಳು. ಹೊರಗೆ ಮಳೆ, ಕಾರಿಡಾರಿನಲ್ಲಿ ಕೊಡೆಗಳಿಂದ ಸೋರಿದ ನೀರು, ನನ್ನ ಎದುರು ಇನ್ನೂ ಏಳೆಂಟು ಜನ. ಅವರು ಬಗ್ಗಿ, ಗುಟ್ಟಿನ ವಿಷಯದ ಹಾಗೆ ಕೇಳಿದರು. “ಬಾಯಾರ, ಶ್ರಾವಣ ಸೋಮಾರ ನಂದು ಪೂರಾ ಉಪಾಸ ಇರ್ತೈತ್ರಿ. ಐತವಾರ ರಾತ್ರಿ ಉಂಡ್ರ ಮುಗೀತು, ಮಂಗಳಾರ ಜಳಕಾ ಮಾಡಿ ಪೂಜಿ ಆಗೂತನಕ ನೀರ ಬಿಟ್ಟು ಏನೂ ಇಲ್ಲ. ಗುಳಿಗಿ ಸೈತ ಮುಟ್ಟಂಗಿಲ್ರಿ. ಹೋದ ವರ್ಷ ಜಡ್ಡಿನಾಗ ಉಪಾಸ ಮಾಡಾಕ ಆಗ್ಲಿಲ್ಲ, ಈ ಸಲಾ ಮಾಡಬೇಕಂತೀನಿ. ನಡೀತೈತೇನ್ರಿ?”

ನಾನು ಅವರ ಕೈ ಹಿಡಿದು ನಾಡಿ ನೋಡುತ್ತಿದ್ದೆ. ಗಡಿಯಾರದ ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆಯೇ ಹೇಳಿದೆ. “ಒಂದು ದಿನ ತಪ್ಪಿದರೆ ಏನೂ ಆಗೋದಿಲ್ಲ ಶಿವಲಿಂಗಪ್ಪ. ಮಾರನೇ ದಿನ ಮಾಮೂಲಿನ ಹಾಗೆ ತಗೊಳ್ಳಿ. ಎರಡು ಸೇರಿಸಿ ನುಂಗಬೇಡಿ.”

ಅವರು ಎರಡೂ ಕೈ ಮುಗಿದರು. ಅಷ್ಟೇ ನಡೆದದ್ದು.

ಮೂರನೇ ಸೋಮವಾರ ಮಧ್ಯಾಹ್ನ ಅವರ ಬಲಗೈಯಿಂದ ನೀರಿನ ತಂಬಿಗೆ ಜಾರಿ ಬಿತ್ತು. ಉಪವಾಸದ ನಿಶ್ಶಕ್ತಿ ಅಂದುಕೊಂಡು ಗಂಗವ್ವ ಚಾಪೆ ಹಾಸಿ ಮಲಗಿಸಿದಳು. ಉಪವಾಸ ಮಾಡುವ ಮನೆಯಲ್ಲಿ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಕೈಕಾಲಲ್ಲಿ ಬಲ ಇಲ್ಲ ಅಂದರೆ ಹೊಟ್ಟೆಗೆ ಇಲ್ಲದ್ದಕ್ಕೆ ಅಂತ. ಸಂಜೆ ದೀಪ ಹಚ್ಚುವಾಗ ಕರೆದರೆ ಬಾಯಿ ಒಂದು ಕಡೆ ಎಳೆದಿತ್ತು, ಮಾತು ಹೊರಡಲಿಲ್ಲ. ಚಾಳಿನವರು ಹೊತ್ತು ಕೆಳಗಿಳಿಸಿ ಆಟೋದಲ್ಲಿ ತಂದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಹೊತ್ತು ಮೀರಿ ಹೋಗಿತ್ತು.

ನಾನು ನೋಡಿದ್ದು ಮಂಗಳವಾರ ಬೆಳಿಗ್ಗೆ, ವಾರ್ಡಿನಲ್ಲಿ. ಮೇಡಂ ರೌಂಡ್ಸಿಗೆ ಬಂದವರು ನನ್ನನ್ನು ಕರೆಸಿದರು. “ಮಾತ್ರೆ ತಗೊಳ್ತಿದ್ದರಾ ಕೇಳಿ.” ಕೇಳಿದೆ. ಗಂಗವ್ವನ ಕಣ್ಣು ಅತ್ತು ಅತ್ತು ಊದಿದ್ದವು, ಅದಕ್ಕಿಂತ ಹೆಚ್ಚು ಸಿಟ್ಟಿತ್ತು. “ಸೋಮಾರ ಉಪಾಸ ಅಂತ ಗುಳಿಗಿ ಬಿಟ್ಟಾನ್ರಿ. ತಗೋ ತಗೋ ಅಂತ ಬಡಕೊಂಡೆ. ಬಾಯಾರು ಹೇಳ್ಯಾರ, ಏನೂ ಆಗೂದಿಲ್ಲ ಅಂತ ಹೇಳ್ಯಾರ ಅಂದಾ. ನಿಮ್ಮ ಹೆಸರ್ಲೇ ಸುಳ್ಳ ಹೇಳ್ಯಾನ್ರಿ ನನಗ.”

ಹಾಸಿಗೆಯ ಮೇಲೆ ಶಿವಲಿಂಗಪ್ಪ ಎಡಗೈ ಎತ್ತಿದರು. ನನ್ನ ಕಡೆ ಚಾಚಿ, “ಬಾ… ಬಾ…” ಅಂದರು. ಬಾಯಾರ ಅನ್ನಲು ಹೊರಟದ್ದು, ಅರ್ಧಕ್ಕೇ ನಿಲ್ಲುತ್ತಿತ್ತು. “ನಿಮ್ಮನ್ನು ಹತ್ತಿರ ಕರೀತಿದ್ದಾರೆ” ಅಂತ ವಾರ್ಡಿನ ನರ್ಸ್ ಅಂದಳು. ಅವರು ಏನು ಹೇಳುತ್ತಿದ್ದಾರೆ ಅನ್ನುವುದು ಆ ಇಡೀ ವಾರ್ಡಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಹತ್ತಿರ ಹೋಗಿ ಹೊದಿಕೆ ಸರಿಮಾಡಿದೆ.

“ಏನಂತೆ?” ಅಂದರು ಮೇಡಂ. “ಉಪವಾಸಕ್ಕೆ ಅಂತ ಬಿಟ್ಟರಂತೆ” ಅಂದೆ. ಮಿಕ್ಕದ್ದನ್ನು ಭಾಷಾಂತರ ಮಾಡಲಿಲ್ಲ. ಮೇಡಂ ಕೇಸ್ ಪೇಪರ್ ನನ್ನ ಕೈಗೆ ಕೊಟ್ಟು, ರೋಗಿ ಸಲಹೆ ಮೀರಿ ತನ್ನಿಷ್ಟಕ್ಕೆ ಮಾತ್ರೆ ನಿಲ್ಲಿಸಿದ್ದಾನೆ ಅಂತ ಬರೆಯಲು ಹೇಳಿದರು. ನಾನು ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಿದ್ದರು, ಆವತ್ತೂ ಚೆನ್ನಾಗಿಯೇ ಬಂತು.

ಆ ನಾಲ್ಕು ದಿನ ಹೇಗೆ ಕಳೆದವು ಅಂತ ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಮಳೆ ಸುರಿಯುತ್ತಲೇ ಇತ್ತು. ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದೆ, ಇಳಿಯುತ್ತಿದ್ದೆ, ಮನೆಗೆ ಬಂದು ಅನ್ನಕ್ಕೆ ಇಡುತ್ತಿದ್ದೆ. ಎಲ್ಲ ಸದ್ದೂ ನೀರಿನ ಒಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ಬೆರಳುಗಳಲ್ಲಿ ಅವರ ನಾಡಿ ಮಾತ್ರ ನಿಲ್ಲುತ್ತಿರಲಿಲ್ಲ. ಮನಸ್ಸು ವಕೀಲಿ ಮಾಡುತ್ತಿತ್ತು: ಮಾತ್ರೆ ತಗೊಂಡವರಿಗೂ ಲಕ್ವ ಹೊಡೆಯುತ್ತದಲ್ಲ, ಇದರಿಂದಲೇ ಆಯಿತು ಅಂತ ಯಾರು ಹೇಳಬಲ್ಲರು? ನಾನು ಹೇಳುವಾಗ ಗಂಗವ್ವ ಅಲ್ಲಿರಲಿಲ್ಲ, ಶಿವಲಿಂಗಪ್ಪನಿಗೆ ಈಗ ಮಾತು ಬರುವುದಿಲ್ಲ, ನಿವೃತ್ತಿಗೆ ನನಗೆ ಎರಡೇ ವರ್ಷ. ಎಷ್ಟು ಚೆಂದದ ವಾದ ಅಂದರೆ ನನಗೇ ನಾಚಿಕೆಯಾಗುತ್ತಿತ್ತು.

ಶನಿವಾರ ಮಧ್ಯಾಹ್ನ ವಾರ್ಡಿಗೆ ಹೋದೆ. ಅವರು ಗಂಜಿ ನುಂಗುವಷ್ಟು ಆಗಿದ್ದರು. ಗಂಗವ್ವ ಚಮಚದಲ್ಲಿ ತಿನ್ನಿಸುತ್ತಿದ್ದಳು, ಮುಖ ಮಾತ್ರ ಕಿಟಕಿಯ ಕಡೆ. ಅವರು ಚಮಚಕ್ಕಿಂತ ಹೆಚ್ಚಾಗಿ ಅವಳ ಮುಖವನ್ನೇ ಹುಡುಕುತ್ತಿದ್ದರು. ಅವಳು ನನಗೆ ಮೆಲ್ಲಗೆ ಹೇಳಿದಳು. “ಕೈ ಹೋತು, ಹೋಗ್ಲಿ ಬಿಡ್ರಿ, ದುಡದು ನಾ ಹಾಕ್ತೀನಿ. ನಲವತ್ತು ವರ್ಷದಾಗ ಇಂವಾ ನನಗ ಒಂದೂ ಸುಳ್ಳ ಹೇಳಿರ್ಲಿಲ್ರಿ ಬಾಯಾರ. ಅದನ್ನ ಹೆಂಗ ನುಂಗ್ಲಿ?”

“ಸುಳ್ಳು ಹೇಳಿಲ್ಲ ಗಂಗವ್ವ” ಅಂದೆ. “ಅವರು ಕೇಳಿದ್ದು ಖರೆ. ನಡೆಯುತ್ತೆ ಅಂತ ಹೇಳಿದವಳು ನಾನೇ. ನಾನು ತಪ್ಪು ಹೇಳಿದೆ.”

ಅವಳು ಬಟ್ಟಲನ್ನು ಕೆಳಗಿಟ್ಟಳು. ನನ್ನನ್ನು ಒಂದು ಸಲ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಡನ ಕಡೆ ತಿರುಗಿ, “ಖರೇನ ಹೇಳಿದ್ದಿ?” ಅಂದಳು. ಅವರು ಕಣ್ಣು ಮುಚ್ಚಿಕೊಂಡರು, ಎರಡೂ ಕಡೆಯಿಂದ ನೀರು ಇಳಿಯಿತು. ಅವಳು ಸೆರಗಿನಿಂದ ಒರೆಸಿದಳು, ಬಾಯಿ ಒರೆಸಿದಳು, ಆಮೇಲೆ ಅವರ ಹಣೆಯ ಮೇಲೆ ಕೈ ಇಟ್ಟು ಕೂತಳು. ನನ್ನ ಕಡೆ ನೋಡದೆಯೇ, “ನೀವೀಗ ಹೋಗ್ರಿ ಬಾಯಾರ” ಅಂದಳು.

ಅಲ್ಲಿಂದ ನೇರ ಮೇಡಂ ಕೋಣೆಗೆ ಹೋದೆ. ನಿಂತೇ ಹೇಳಿದೆ, ಕೂತರೆ ಹೇಳಲಾರೆ ಅನ್ನಿಸಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಂಡವಾಗುತ್ತಾರೆ ಅಂದುಕೊಂಡಿದ್ದೆ, ಆಗಲಿಲ್ಲ. “ಇನ್ನೆಷ್ಟು ಜನಕ್ಕೆ ಹೀಗೆ ಹೇಳಿದ್ದೀರಿ?” ಅಂದರು. ಗೊತ್ತಿಲ್ಲ ಮೇಡಂ ಅಂದೆ. “ಹುಡುಕಿ. ಈಗಲೇ” ಅಂದು ತಮ್ಮ ಮೇಜಿನ ಫೋನನ್ನೇ ನನ್ನ ಕಡೆ ತಳ್ಳಿದರು. ಆಮೇಲೆ, “ಇದರಿಂದಲೇ ಆಯಿತು ಅಂತ ನಾನು ಹೇಳಲಾರೆ, ಆಗಲಿಲ್ಲ ಅಂತಲೂ ಹೇಳಲಾರೆ. ನೀವು ಅವರಿಗೆ ಕನ್ನಡದಲ್ಲಿ ಏನು ಹೇಳ್ತೀರಿ ಅಂತ ನಾನು ಒಂದು ದಿನವೂ ಕೇಳಲಿಲ್ಲ” ಅಂದರು. ಕೇಸ್ ಪೇಪರ್ ತರಿಸಿದರು. ನಾನು ಬರೆದ ಸಾಲಿನ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ರೋಗಿಗೆ ಕ್ಲಿನಿಕ್ಕಿನಲ್ಲಿ ತಪ್ಪು ಸಲಹೆ ಕೊಡಲಾಗಿತ್ತು, ರೋಗಿ ಅದರಂತೆ ನಡೆದಿದ್ದಾನೆ ಅಂತ ಬರೆದು ಸಹಿ ಮಾಡಿದೆ. ಅದರ ಕೆಳಗೆ ಅವರೂ ಸಹಿ ಮಾಡಿದರು.

ಮೂರು ದಿನ ಫೋನ್ ಮಾಡಿದೆ. ಆಗ ಗೊತ್ತಾಯಿತು, ನಮ್ಮ ಬೆಂಚಿನ ಮೇಲೆ ಕೂತು ಹೋದವರು ತಿಂಗಳಿಗೆ ಎಷ್ಟು ದಿನ ಹಸಿದಿರುತ್ತಾರೆ ಅಂತ. ಸಂಕಷ್ಟಿ, ಏಕಾದಶಿ, ಗುರುವಾರ, ಶನಿವಾರ. ಮಾತ್ರೆಯೂ ಊಟದ ಲೆಕ್ಕವೇ ಅಂತ ಕೆಲವರು, ನೀರು ಕೂಡ ಇಲ್ಲ ಅಂತ ಕೆಲವರು. ರೋಜಾ ಉಪವಾಸದ ತಿಂಗಳಿಗೆ ಮಾತ್ರೆಯ ಹೊತ್ತು ಹೇಗೆ ಹೊಂದಿಸಬೇಕು ಅಂತ ಕೇಳಿದವರೂ ಇದ್ದರು. ಮಾಟುಂಗದ ರಾಯರು, “ಏಕಾದಶಿ ದಿನ ಬಿಡ್ತಿದ್ದೆ ಸಿಸ್ಟರ್. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ” ಅಂದರು. ಒಬ್ಬೊಬ್ಬರಿಗೂ ಹೇಳಿದೆ, ಉಪವಾಸ ನಿಮ್ಮದು, ಅದರ ಗೊಡವೆಗೆ ನಾನು ಬರೋದಿಲ್ಲ. ಮಾತ್ರೆ ಮಾತ್ರ ಬಿಡಬೇಡಿ, ನೀರೂ ಕುಡಿಯೋದಿಲ್ಲ ಅನ್ನೋರು ಬಂದು ಮೇಡಂ ಹತ್ತಿರ ಮಾತಾಡಿ.

ನಿನ್ನ ಮೇಜಿನ ಮೇಲಿರುವ ಫಾರಂನಲ್ಲಿ ಮೊದಲ ಪ್ರಶ್ನೆ ಯಾವ ಯಾವ ದಿನ ಉಪವಾಸ ಅಂತ ಇದೆಯಲ್ಲ, ಅದು ಹಾಗೆ ಬಂದದ್ದು. ಎರಡನೆಯದು, ನೀನು ಹೇಳಿದ್ದನ್ನು ರೋಗಿ ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಅರ್ಥವಾಯಿತಾ ಅಂತ ಕೇಳಿದರೆ ಎಲ್ಲರೂ ಹ್ಞೂಂ ಅನ್ನುತ್ತಾರೆ, ಪಾಪ, ನಮ್ಮ ಮನಸ್ಸು ನೋಯಬಾರದು ಅಂತ. ತಿರುಗಿ ಹೇಳಿಸು. ಅವರು ತಪ್ಪು ಕೇಳಿಸಿಕೊಂಡಿದ್ದರೆ ಗೊತ್ತಾಗುತ್ತದೆ. ನೀನು ತಪ್ಪು ಹೇಳಿದ್ದರೆ ಅದೂ ನಿನ್ನ ಕಿವಿಗೇ ಬೀಳುತ್ತದೆ.

ಶಿವಲಿಂಗಪ್ಪನಿಗೆ, ಪೆಟ್ಟಾದ ಮೆದುಳಿನಲ್ಲಿ ರಕ್ತ ಸೋರದಿರಲಿ ಅಂತ ಕೆಲವು ದಿನ ಬಿಟ್ಟು, ಮತ್ತೆ ಅದೇ ಮಾತ್ರೆ ಶುರು ಮಾಡಿದರು. ನಡೆಯುವುದು ಬೇಗ ಬಂತು. ಬಲಗೈ ಚೀಲ ಹಿಡಿಯುವಷ್ಟು ಬಂತು, ಗಿಲಾವು ಮಾಡುವಷ್ಟು ಬರಲಿಲ್ಲ. ಗಂಗವ್ವ ಎರಡು ಮನೆಗೆ ರೊಟ್ಟಿ ಬಡಿದು ಕೊಡಲು ಹೋಗತೊಡಗಿದಳು. ಮಾತು ಬಹಳ ನಿಧಾನ, ಒಂದೊಂದೇ ಶಬ್ದ, ನಡುವೆ ಉದ್ದ ಮೌನ. ಕ್ಲಿನಿಕ್ಕಿಗೆ ಬಂದಾಗ ಗಂಗವ್ವ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅವರು ಶಬ್ದಕ್ಕೆ ತಡವರಿಸಿದರೆ ತಾನೇ ಮುಂದಿನದನ್ನು ಹೇಳಿ ಮುಗಿಸುತ್ತಿದ್ದಳು, ಯಾರೂ ಕಾಯಬಾರದು ಅನ್ನುವ ಹಾಗೆ.

ಮುಂದಿನ ವರ್ಷ ಶ್ರಾವಣಕ್ಕೆ ಮುಂಚೆ ಬಂದರು. ಗಂಗವ್ವ ಈ ಸಲ ಕೆಳಗೆ ಲೈನಿಗೆ ಹೋಗಲಿಲ್ಲ, ಅವರ ಪಕ್ಕದಲ್ಲೇ ಕೂತಳು. ನಾನು ನಾಡಿ ಹಿಡಿದೆ. ಅದೇ ಲಯವಿಲ್ಲದ ನಾಡಿ, ಬರುತ್ತದೆ, ನಿಲ್ಲುತ್ತದೆ, ಓಡುತ್ತದೆ. ಅವರು ನನ್ನ ಮುಖ ನೋಡಿ ಹೇಳಿದರು. “ಸೋಮಾರ… ಉಪಾಸ… ನೀವ… ಹೇಳ್ರಿ.”

ಒಂದು ಸಲ ನನ್ನ ಮಾತು ಕೇಳಿ ಕೈ ಕಳೆದುಕೊಂಡವರು ಮತ್ತೆ ನನ್ನನ್ನೇ ಕೇಳುತ್ತಿದ್ದರು. ನಾಡಿ ಬಿಟ್ಟು, ಎದ್ದು ಹೋಗಿ, ಗೊತ್ತಿದ್ದದ್ದನ್ನೇ ಮೇಡಂ ಹತ್ತಿರ ಇನ್ನೊಮ್ಮೆ ಕೇಳಿಕೊಂಡು ಬಂದು, ಅವರ ಎದುರು ಕೂತು ಹೇಳಿದೆ. “ಉಪವಾಸ ಮಾಡಿ. ನೀರು ಚೆನ್ನಾಗಿ ಕುಡೀರಿ. ಸೋಮವಾರ ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಒಂದು ಗುಳಿಗೆ, ನೀರಿನ ಜೊತೆ. ಒಂದೂ ಬಿಡಬೇಡಿ. ಈಗ ನೀವು ಹೇಳಿ.”

ಅ‌ವರು ಹೇಳತೊಡಗಿದರು. “ಉಪಾಸ… ಮಾಡ್ತೀನಿ.” ಗಂಗವ್ವನ ತುಟಿ ಅಲುಗಿತು, ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡಳು, ಈ ಸಲ ಮುಂದಿನ ಶಬ್ದ ತಾನು ಹೇಳಲಿಲ್ಲ. “ನೀರ… ಕುಡೀತೀನಿ. ಮುಂಜಾನಿ… ಒಂದ… ರಾತ್ರಿ…” ಅಂದು ನಿಂತರು. ಹಣೆಯ ಮೇಲೆ ಬೆವರು. “ರಾತ್ರಿ… ಒಂದ. ಬಿಡೂದಿಲ್ಲ.”

ಗಂಗವ್ವ ಸೆರಗು ಬಿಟ್ಟು, ಸುಮಾರು ಒಂದು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು. “ಬಾಯಾರ, ಇಂವಾ ಹೇಳಿದ್ದು ಬರೋಬ್ಬರಿ ಐತೇನ್ರಿ?”

“ಬರೋಬ್ಬರಿ ಇದೆ ಗಂಗವ್ವ” ಅಂದೆ. “ನಾನು ಹೇಳಿದ್ದನ್ನೇ ಅವರು ಹೇಳಿದ್ದಾರೆ.”